ಒಂದೇ ಊಟ, ಒಂದೇ ನಡಿಗೆ. ಅವರಿಗೆ 7.4 ಕೆಜಿ ಇಳಿದಿದೆ, ನನಗೆ 2.1. ಯಾಕೆ ಹೀಗೆ?

ಕೆಂಪುಪೆನ್ನು
ಹೊಟ್ಟೆ ಉರಿದುಕೊಂಡೇ ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ನಾನು, ನಮ್ಮನೆಯವರು ಇಬ್ಬರೂ ಒಂದೇ ದಿನ ತೂಕ ಇಳಿಸೋಕೆ ಶುರು ಮಾಡಿದೆವು. ಬಚ್ಚಲುಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ನೇತುಹಾಕಿದ್ದೇವೆ. ಅವರ ತೂಕ ನೀಲಿ ಪೆನ್ನಿನಲ್ಲಿ, ನನ್ನದು ಕೆಂಪಿನಲ್ಲಿ. ದಿನಾ ಬೆಳಗ್ಗೆ ಎದ್ದ ತಕ್ಷಣ, ನೀರು ಕೂಡ ಕುಡಿಯದೆ ತೂಕ ನೋಡುತ್ತೇವೆ. ಅಡುಗೆ ತಕ್ಕಡಿ ತಂದು ಇಬ್ಬರ ತಟ್ಟೆಗೂ ಗ್ರಾಂ ಲೆಕ್ಕದಲ್ಲಿ ಸಮಸಮ ಬಡಿಸುತ್ತೇನೆ, ದಿನಕ್ಕೆ ಸುಮಾರು 1600 ಕ್ಯಾಲೊರಿ. ಸಂಜೆ ಒಟ್ಟಿಗೆ ಐದು ಕಿಲೋಮೀಟರ್ ನಡಿಗೆ. ಎಂಟು ವಾರ ಆಯಿತು. ಅವರು 88ರಿಂದ 80.6ಕ್ಕೆ ಬಂದರು. ನಾನು 68ರಿಂದ 65.9ಕ್ಕೆ. ಅವರು ವಾರಕ್ಕೆರಡು ಸಲ ಗೆಳೆಯರ ಜೊತೆ ಹೊರಗೆ ತಿಂದು ಬರುತ್ತಾರೆ ಬೇರೆ, ನಾನು ಅದೂ ಇಲ್ಲ. ನಿನ್ನೆ ಕನ್ನಡಿ ಮುಂದೆ ನಿಂತು ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆಯುತ್ತಿದ್ದರು. ನನಗೆ ಅಳು ಬರೋದೊಂದು ಬಾಕಿ.

ನನ್ನ ಎತ್ತರ 158 ಸೆಂ.ಮೀ., ವಯಸ್ಸು 36. ಅವರದು 174 ಸೆಂ.ಮೀ., 39. ಥೈರಾಯ್ಡ್ ನೋಡಿಸಿದೆ, ಸರಿ ಇದೆ. ಏನು ತಪ್ಪು ಮಾಡುತ್ತಿದ್ದೇನೆ?

ಬೆಳಗಿನಓಟ
ತಪ್ಪೇನಿಲ್ಲ ಮೇಡಂ. ಹೆಂಗಸರ ಮೆಟಬಾಲಿಸಂ, ಅಂದರೆ ದೇಹ ಕ್ಯಾಲೊರಿ ಉರಿಸುವ ವೇಗ, ಸ್ಲೋ. ಮೂವತ್ತೈದು ದಾಟಿದ ಮೇಲೆ ಇನ್ನೂ ಸ್ಲೋ. ಒಪ್ಪಿಕೊಂಡುಬಿಡಿ, ಅಷ್ಟೇ.

ಲೆಕ್ಕದಮೇಷ್ಟ್ರು
ಒಪ್ಪಿಕೊಳ್ಳೋಕೆ ಮುಂಚೆ ಲೆಕ್ಕ ಮಾಡೋಣ. ಮಿಫ್ಲಿನ್-ಸೇಂಟ್ ಜೋರ್ ಅಂತ ಒಂದು ಸೂತ್ರ ಇದೆ, 1990ರದ್ದು, ಈಗಲೂ ಆಹಾರ ತಜ್ಞರು ಅದನ್ನೇ ಬಳಸುತ್ತಾರೆ. ದಿನವಿಡೀ ಸುಮ್ನೆ ಮಲಗಿದ್ದರೂ ದೇಹಕ್ಕೆ ಎಷ್ಟು ಕ್ಯಾಲೊರಿ ಬೇಕು ಅಂತ ಅಂದಾಜು ಹೇಳುತ್ತದೆ. ತೂಕವನ್ನು ಹತ್ತರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸನ್ನು ಐದರಿಂದ ಗುಣಿಸಿ ಕಳೆಯಿರಿ. ಕೊನೆಯಲ್ಲಿ ಗಂಡಸಾದರೆ 5 ಕೂಡಿಸಬೇಕು, ಹೆಂಗಸಾದರೆ 161 ಕಳೆಯಬೇಕು.

ನಿಮಗೆ ಬರುವುದು 1326. ಅವರಿಗೆ 1777. ಅಂತರ ಸುಮಾರು 450 ಕ್ಯಾಲೊರಿ. ಈಗ ಆ 450ನ್ನು ಬಿಡಿಸಿ ನೋಡಿ, ಅಲ್ಲೇ ಇರೋದು ಮಜಾ. ಅವರು ನಿಮಗಿಂತ 20 ಕೆಜಿ ಜಾಸ್ತಿ, ಅದಕ್ಕೆ 200. ಎತ್ತರ 16 ಸೆಂ.ಮೀ. ಜಾಸ್ತಿ, ಅದಕ್ಕೆ 100. ವಯಸ್ಸು ಮೂರು ಜಾಸ್ತಿ, ಅದಕ್ಕೆ 15 ಕಡಿಮೆ. ಉಳಿದದ್ದು 166. ಗಂಡು ಹೆಣ್ಣು ಅನ್ನುವ ಲೆಕ್ಕಕ್ಕೆ ಬರುವುದು ಅಷ್ಟೇ. ಮಿಕ್ಕದ್ದೆಲ್ಲ ಆಳು ದೊಡ್ಡದಾಗಿರುವುದಕ್ಕೆ.

ಮುಂದೆ. ಓಡಾಟ, ಮನೆಗೆಲಸ, ಸಂಜೆ ನಡಿಗೆ ಎಲ್ಲ ಸೇರಿಸಿ 1.4ರಿಂದ ಗುಣಿಸಿದರೆ ನಿಮ್ಮ ದಿನದ ಖರ್ಚು 1857, ಅವರದು 2488. ಇಬ್ಬರೂ ತಿನ್ನುವುದು 1600. ನಿಮ್ಮ ಕೊರತೆ ದಿನಕ್ಕೆ 257, ಅವರದು 888. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಅಂತ ಹಿಡಿದು 56 ದಿನಕ್ಕೆ ಹಾಕಿ. ನಿಮಗೆ 1.9 ಕೆಜಿ, ಅವರಿಗೆ 6.5. ನಿಮ್ಮ ಕ್ಯಾಲೆಂಡರ್ ಹೇಳುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ ಅಲ್ವಾ?

ನೀವು ಸಮಸಮ ಬಡಿಸಿದ್ದೇ ತೊಂದರೆ. ನಿಮಗೆ ಅದು ಸಾಮಾನ್ಯ ಊಟಕ್ಕಿಂತ ಸ್ವಲ್ಪ ಕಡಿಮೆ, ಅವರಿಗೆ ಅರೆ ಉಪವಾಸ. ಹೊರಗೆ ತಿಂದು ಬರುವುದಕ್ಕೂ ಅದೇ ಕಾರಣ ಇರಬಹುದು, ಪಾಪ.

ಕೆಂಪುಪೆನ್ನು
ಅಯ್ಯೋ. ಎಂಟು ವಾರ ತಕ್ಕಡಿ ಹಿಡಿದು ನ್ಯಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಆದರೂ ಆ 166 ಯಾಕೆ? ನಾನೂ 88 ಕೆಜಿ, 174 ಸೆಂ.ಮೀ., 39 ವರ್ಷ ಆಗಿದ್ದರೂ ನನಗೆ ಅಷ್ಟು ಕಡಿಮೆಯೇ ಅಂತಾಯಿತಲ್ಲ.

ಕಬ್ಬಿಣಪ್ರಿಯ
ಅದಕ್ಕೆ ನಾನು ಉತ್ತರ ಹೇಳುತ್ತೇನೆ, ಹನ್ನೊಂದು ವರ್ಷದಿಂದ ಜಿಮ್‌ನಲ್ಲಿ ಹೇಳಿಕೊಡುವುದು ಇದನ್ನೇ. ಒಂದೇ ತೂಕದ ಗಂಡು ಹೆಣ್ಣು ನಿಂತರೆ ಒಳಗಿನ ಸರಕು ಬೇರೆ ಬೇರೆ. 2000ರಲ್ಲಿ 468 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಸ್ನಾಯು ಅಳೆದ ಒಂದು ಅಧ್ಯಯನ ಬಂತು. ಗಂಡಸರಲ್ಲಿ ಸರಾಸರಿ 33 ಕೆಜಿ ಸ್ನಾಯು, ಹೆಂಗಸರಲ್ಲಿ 21. ದೇಹದ ತೂಕದ ಪಾಲಾಗಿ ನೋಡಿದರೂ ಸುಮಾರು 38 ಶೇಕಡಾ, 31 ಶೇಕಡಾ. ಭುಜ, ತೋಳು, ಎದೆಯ ಕಡೆ ಅಂತರ ಇನ್ನೂ ಜಾಸ್ತಿ.

ಬದುಕೋಕೆ ಬೇಕೇ ಬೇಕಾದ ಕೊಬ್ಬು ಅಂತ ಒಂದಿದೆ. ನರ, ಮಜ್ಜೆ, ಅಂಗಾಂಗಗಳ ಸುತ್ತ ಇರುವಂಥದ್ದು. ಗಂಡಸಿಗೆ ಅದು ತೂಕದ 3 ಶೇಕಡಾ, ಹೆಂಗಸಿಗೆ 12ರ ಹತ್ತಿರ. ಹಾಗಾಗಿ 25 ಶೇಕಡಾ ಕೊಬ್ಬಿರುವ ಹೆಂಗಸು ಸರಿಯಾಗಿಯೇ ಇದ್ದಾಳೆ, 25 ಶೇಕಡಾ ಇರುವ ಗಂಡಸು ಹೊಟ್ಟೆ ಬಿಟ್ಟಿರುತ್ತಾನೆ. ಇಬ್ಬರಿಗೂ ಒಂದೇ ನಂಬರ್ ಇಟ್ಟು ನೋಡಬಾರದು.

ಒಂದು ಮಾತು ಮಾತ್ರ. ಸ್ನಾಯು ಬೆಳೆಸಿದರೆ ಕೂತಲ್ಲೇ ಸಿಕ್ಕಾಪಟ್ಟೆ ಕ್ಯಾಲೊರಿ ಉರಿಯುತ್ತದೆ ಅಂತ ನಮ್ಮ ಲೈನಿನವರೇ ಹಬ್ಬಿಸಿದ್ದಾರೆ, ನಾನೂ ಮೊದಲು ಹೇಳುತ್ತಿದ್ದೆ. ಒಂದು ಕೆಜಿ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಉರಿಸುವುದು ಬರೀ 13 ಕ್ಯಾಲೊರಿಯಷ್ಟು. ಒಂದು ಕೆಜಿ ಕೊಬ್ಬು 4.5ರಷ್ಟು. ಜಾಸ್ತಿ ತಿನ್ನುವವರು ಮಿದುಳು, ಯಕೃತ್ತು, ಹೃದಯ, ಮೂತ್ರಪಿಂಡ. ದೊಡ್ಡ ಆಳಿಗೆ ಇವುಗಳಲ್ಲಿ ಕೆಲವು ದೊಡ್ಡದಿರುತ್ತವೆ.

ರಾತ್ರಿಪಾಳಿ
ಬೆಳಗಿನಓಟ ಅವರ 'ಸ್ಲೋ' ಮಾತಿಗೆ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ ಇದೆ, ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರದ್ದು. ಎಂಟು ದಿನದ ಮಗುವಿನಿಂದ 95 ವರ್ಷದವರ ತನಕ 6400ಕ್ಕೂ ಹೆಚ್ಚು ಜನರ ಲೆಕ್ಕ. ದೇಹದ ಗಾತ್ರ, ಕೊಬ್ಬು, ಕೊಬ್ಬಲ್ಲದ ಭಾಗ ಇವನ್ನೆಲ್ಲ ಸರಿದೂಗಿಸಿ ನೋಡಿದರೆ 20ರಿಂದ 60ರ ತನಕ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಗಂಡು ಹೆಣ್ಣಿನ ಅಂತರವೂ ಅಲ್ಲಿಗೆ ಕರಗಿಹೋಗುತ್ತದೆ. ಹೆಂಗಸರ ಎಂಜಿನ್ ಕೆಟ್ಟಿಲ್ಲ ಸರ್, ಚಿಕ್ಕದು ಅಷ್ಟೇ.

ಬೆಳಗಿನಓಟ
ಸರಿ, ಮೂವತ್ತೈದರ ಮಾತು ವಾಪಸ್ ತಗೊಂಡೆ. ಆದರೆ ಒಂದೇ ಡಯಟ್ ಕೊಟ್ಟರೆ ಗಂಡಸರಿಗೆ ಬೇಗ ಇಳಿಯುತ್ತದೆ ಅನ್ನುವುದಂತೂ ನಿಜ ತಾನೇ?

ರಾತ್ರಿಪಾಳಿ
ನಿಜ. ಪ್ರಿವ್ಯೂ ಅಂತ ಒಂದು ಅಧ್ಯಯನ, 2018ರಲ್ಲಿ ಪ್ರಕಟವಾಯಿತು. ಮಧುಮೇಹದ ಅಂಚಿನಲ್ಲಿದ್ದ, ತೂಕ ಜಾಸ್ತಿ ಇದ್ದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಎಂಟು ವಾರ ದಿನಕ್ಕೆ ಸುಮಾರು 800 ಕ್ಯಾಲೊರಿ ಕೊಟ್ಟರು, ವೈದ್ಯರ ಕಣ್ಗಾವಲಲ್ಲಿ. ಗಂಡಸರು ಸರಾಸರಿ 11.8 ಕೆಜಿ ಇಳಿಸಿದರು, ಹೆಂಗಸರು 10.3. ಅಷ್ಟೇ ಆಗಿದ್ದರೆ ಸಣ್ಣ ವಿಷಯ. ಹೆಂಗಸರಲ್ಲಿ ಇಳಿದದ್ದರಲ್ಲಿ ಸ್ನಾಯುವಿನಂಥ ಕೊಬ್ಬಲ್ಲದ ಭಾಗ ಜಾಸ್ತಿ ಇತ್ತು, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುತ್ತೇವಲ್ಲ, ಎಚ್‌ಡಿಎಲ್, ಅದೂ ಜಾಸ್ತಿ ಇಳಿದಿತ್ತು. ಗಂಡಸರಲ್ಲಿ ಕೊಬ್ಬು ಹೆಚ್ಚು ಹೋಗಿತ್ತು. ನನಗೆ ಈ ಎರಡನೇ ಭಾಗವೇ ಮುಖ್ಯ ಅನ್ನಿಸುತ್ತದೆ. ಎಷ್ಟು ಕೆಜಿ ಅನ್ನೋದಕ್ಕಿಂತ ಯಾವ ಕೆಜಿ ಅಂತ ಕೇಳಬೇಕು.

ಗೋಡೆಗಡಿಯಾರ
ಇದೆಲ್ಲ ನೆಪ. ಮನಸ್ಸು ಗಟ್ಟಿ ಇದ್ದರೆ ಯಾರಾದರೂ ಇಳಿಸಬಹುದು.

ಐವತ್ತೆರಡು
ತಮ್ಮಾ, ನಿನಗೆ ತಿಂಗಳಿಗೊಮ್ಮೆ ಎರಡು ಕೆಜಿ ನೀರು ತಾನಾಗಿ ಬಂದು ತಾನಾಗಿ ಹೋಗಿದ್ದರೆ ಮನಸ್ಸಿನ ಗಟ್ಟಿತನದ ಬಗ್ಗೆ ಮಾತಾಡಬಹುದಿತ್ತು.

ಕೆಂಪುಪೆನ್ನು, ನಿನ್ನ ಕೊನೆಯ ತೂಕ ಯಾವ ದಿನದ್ದು? ಮುಟ್ಟಿಗೆ ಹತ್ತಿರವಾ? ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿದುಕೊಳ್ಳುತ್ತದೆ, ಕೆಲವರಿಗೆ ಅರ್ಧ ಕೆಜಿ, ಕೆಲವರಿಗೆ ಎರಡು ಕೆಜಿ. ಹಸಿವೂ ಜಾಸ್ತಿ. ಗಂಡಸರ ಗೆರೆ ನೇರ ಇಳಿಯುತ್ತದೆ, ನಮ್ಮದು ಅಲೆ ಅಲೆ. ಆ ಅಲೆಯ ತುದಿಯಲ್ಲಿ ನಿಂತು ನೋಡಿದರೆ ಏನೂ ಇಳಿದೇ ಇಲ್ಲ ಅನ್ನಿಸುತ್ತದೆ.

ಕೆಂಪುಪೆನ್ನು
ಈಗಷ್ಟೇ ಹೋಗಿ ಕ್ಯಾಲೆಂಡರ್ ನೋಡಿ ಬಂದೆ ಅಕ್ಕಾ. ನನ್ನದು 31 ದಿನದ ಲೆಕ್ಕ. ಶುರು ಮಾಡಿದ ದಿನ ಮುಟ್ಟಾಗಿ ಆರನೇ ದಿನ, ಮೈ ಹಗುರ ಇರುವ ಹೊತ್ತು. ಎಂಟು ವಾರ ಮುಗಿದದ್ದು 31ನೇ ದಿನ! ಮರುದಿನವೇ ಆಯಿತು. ಅಂದರೆ ತೀರಾ ಕಡಿಮೆ ಇದ್ದ ದಿನದಿಂದ ತೀರಾ ಜಾಸ್ತಿ ಇದ್ದ ದಿನಕ್ಕೆ ಹೋಲಿಸಿ ಅತ್ತಿದ್ದೇನೆ. ನಾಲ್ಕೈದು ದಿನ ಬಿಟ್ಟು ಮತ್ತೆ ನೋಡಿ ಹೇಳುತ್ತೇನೆ.

ಲೆಕ್ಕದಮೇಷ್ಟ್ರು
ಅವರ ಮೊದಲ ವಾರದ ನೀಲಿ ಅಂಕಿಗಳನ್ನೂ ಒಮ್ಮೆ ನೋಡಿ. ಬಹಳ ಬೇಗ ಇಳಿದಿರಬೇಕು. ಊಟ ಕಡಿಮೆ ಮಾಡಿದಾಗ ಮೊದಲು ಖಾಲಿಯಾಗುವುದು ಗ್ಲೈಕೊಜನ್, ಅಂದರೆ ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ. ಒಂದು ಗ್ರಾಂ ಗ್ಲೈಕೊಜನ್ ಜೊತೆ ಮೂರು ಗ್ರಾಂನಷ್ಟು ನೀರು ಅಂಟಿಕೊಂಡಿರುತ್ತದೆ. ಸ್ನಾಯು ಜಾಸ್ತಿ ಇದ್ದವರ ಉಗ್ರಾಣ ದೊಡ್ಡದು, ಹಾಗಾಗಿ ಅವರು ಮೊದಲ ವಾರ ಚೆಲ್ಲುವ ನೀರೂ ಜಾಸ್ತಿ. ನನ್ನ 6.5ಕ್ಕೂ ಅವರ 7.4ಕ್ಕೂ ನಡುವಿನ ವ್ಯತ್ಯಾಸ ಅಲ್ಲೇ ಇದೆ ಅಂತ ನನ್ನ ಊಹೆ.

ಕೆಂಪುಪೆನ್ನು
ಮೊದಲ ಆರು ದಿನಕ್ಕೇ 2.3 ಕೆಜಿ. ಆಗಲೇ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಹೊಸಬ
ನನ್ನದು ಉಲ್ಟಾ ಕಥೆ. ಹೆಂಡತಿ ನನಗಿಂತ ಎತ್ತರ, ಕಾಲೇಜಿನಲ್ಲಿ ವಾಲಿಬಾಲ್ ಆಡಿದವಳು. ನಾನು ಸಣಕಲು ಕೈಕಾಲು, ಮಧ್ಯದಲ್ಲಿ ಮಾತ್ರ ಮಡಕೆ. ಅವಳಿಗೆ ಬೇಗ ಇಳಿಯಿತು, ನನಗೆ ತೂಕದಲ್ಲಿ ಬದಲಾವಣೆಯೇ ಇಲ್ಲ. ಆದರೆ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಕೊಬ್ಬು, ಇಳಿದಿದೆ, ಡಾಕ್ಟರು ಖುಷಿಯಾಗಿದ್ದಾರೆ. ಇದು ಹೇಗೆ?

ರಾತ್ರಿಪಾಳಿ
ಮಡಕೆ ಒಳಗಿನ ಕೊಬ್ಬು ಹೋಗುತ್ತಿರಬೇಕು. ಕೊಬ್ಬು ಎಲ್ಲಿ ಕೂರುತ್ತದೆ ಅನ್ನುವುದರಲ್ಲೇ ಗಂಡು ಹೆಣ್ಣಿನ ದೊಡ್ಡ ವ್ಯತ್ಯಾಸ ಇರುವುದು. ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಫ್ರಾನ್ಸಿನ ಜಾನ್ ವಾಗ್ ಅನ್ನುವ ವೈದ್ಯರು, 1947ರಲ್ಲಿ. ಗಂಡಸರ ಥರ ಹೊಟ್ಟೆ ಭಾಗಕ್ಕೆ ಸೇರುವ ಕೊಬ್ಬು ಒಂದು, ಹೆಂಗಸರ ಥರ ಸೊಂಟ, ತೊಡೆಗೆ ಸೇರುವ ಕೊಬ್ಬು ಇನ್ನೊಂದು, ಮಧುಮೇಹ, ಹೃದಯದ ತೊಂದರೆಗೆ ಹತ್ತಿರ ಇರುವುದು ಮೊದಲನೆಯದು ಅಂದರು. ಆಗ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಟ್ಟೆಯೊಳಗೆ, ಕರುಳಿನ ಸುತ್ತ ಇರುವ ಕೊಬ್ಬು ಬೇಗ ಬರುತ್ತದೆ, ಬೇಗ ಹೋಗುತ್ತದೆ. ತೊಡೆಯ ಕೊಬ್ಬು ಹಾಗಲ್ಲ, ಬ್ಯಾಂಕಿನ ಠೇವಣಿ ಇದ್ದ ಹಾಗೆ. ಕೊಬ್ಬಿನ ಕೋಶದ ಮೇಲೆ ಅಡ್ರಿನಲಿನ್ ಬಂದು ತಟ್ಟುವ ಬಾಗಿಲುಗಳಿವೆ. ಬೀಟಾ ಅನ್ನುವ ಬಾಗಿಲು ತಟ್ಟಿದರೆ ಕೊಬ್ಬು ಹೊರಗೆ ಬರುತ್ತದೆ. ಆಲ್ಫಾ-2 ತಟ್ಟಿದರೆ ಒಳಗಿಂದ ಚಿಲಕ ಬೀಳುತ್ತದೆ. ಹೆಂಗಸರ ಸೊಂಟ, ತೊಡೆಯಲ್ಲಿ ಈ ಚಿಲಕದ ಬಾಗಿಲೇ ಜಾಸ್ತಿ, ಅದರ ಹಿಂದೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನಿನ ಕೈ ಇದೆ. ಬಾಣಂತಿ ಹಾಲೂಡಿಸುವಾಗ ಮಾತ್ರ ತೊಡೆಯ ಠೇವಣಿ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಬರೀ ಎದೆಹಾಲು ಕುಡಿಸುವ ತಾಯಿಗೆ ದಿನಕ್ಕೆ 500ರಷ್ಟು ಕ್ಯಾಲೊರಿ ಹೆಚ್ಚಿಗೆ ಬೇಕು, ಆ ಖರ್ಚಿಗೆ ಎತ್ತಿಟ್ಟ ದುಡ್ಡು ಅಂತಲೇ ಅನ್ನಿ. ತೊಡೆ ವ್ಯಾಯಾಮ ಮಾಡಿದರೆ ತೊಡೆ ಕೊಬ್ಬೇ ಕರಗುತ್ತದೆ ಅನ್ನುವವರಿಗೆ ನಮಸ್ಕಾರ ಹಾಕಿ ಮುಂದೆ ಹೋಗಿ.

ಐವತ್ತೆರಡು
ಆ ಈಸ್ಟ್ರೋಜನ್ ಹೊರಟ ಮೇಲೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. 49ಕ್ಕೆ ನನಗೆ ಮುಟ್ಟು ನಿಂತಿತು. ತೂಕದ ಯಂತ್ರ ಅದೇ 63 ತೋರಿಸುತ್ತಿತ್ತು, ಆದರೆ ಸೊಂಟದ ಗುಂಡಿ ಹಾಕೋಕೆ ಮಂಚದ ಮೇಲೆ ಮಲಗಬೇಕು, ಅದೇ ಬಟ್ಟೆ ತೊಡೆ ಹತ್ತಿರ ದೊಗಳೆ. ಕೊಬ್ಬು ಮನೆ ಬದಲಾಯಿಸಿತ್ತು. ಕೆಳಗಿಂದ ಹೊಟ್ಟೆಗೆ. ಜೊತೆಗೆ ಸ್ನಾಯುವೂ ಸ್ವಲ್ಪ ಸವೆದಿತ್ತು, ರಾತ್ರಿ ಬೆವತು ಎಚ್ಚರ ಆಗಿ ನಿದ್ದೆಯೂ ಇಲ್ಲ, ನಿದ್ದೆ ಇಲ್ಲದ ಮರುದಿನ ಕಂಡಿದ್ದೆಲ್ಲ ತಿನ್ನಬೇಕು ಅನ್ನಿಸುತ್ತದೆ. ನಾನು ಮೊದಲು ಮಾಡಿದ ತಪ್ಪು, ಊಟ ಇನ್ನೂ ಕಡಿಮೆ ಮಾಡಿದ್ದು. ತೋಳು ಸೊರಗಿತು, ಹೊಟ್ಟೆ ಹಾಗೇ ಇತ್ತು. ವಾರಕ್ಕೆ ಮೂರು ದಿನ ಭಾರ ಎತ್ತೋಕೆ ಶುರು ಮಾಡಿ, ಊಟದಲ್ಲಿ ಪ್ರೋಟೀನ್ ಜಾಸ್ತಿ ಮಾಡಿದ ಮೇಲೆ ಒಂದೂವರೆ ವರ್ಷದಲ್ಲಿ ನಡುವಿನ ಸುತ್ತಳತೆ ಏಳು ಸೆಂ.ಮೀ. ಇಳಿಯಿತು. ತೂಕ ಇಳಿದದ್ದು ಎರಡೇ ಕೆಜಿ.

ಬೆಳಗಿನಓಟ
ಹೆಂಗಸರು ಭಾರ ಎತ್ತಿದರೆ ಗಂಡಸರ ಹಾಗೆ ಆಗುತ್ತಾರೆ ಅಂತ ನಮ್ಮ ಅಕ್ಕ ಹೆದರುತ್ತಾಳೆ.

ಕಬ್ಬಿಣಪ್ರಿಯ
ನಾನು ಹನ್ನೊಂದು ವರ್ಷದಿಂದ ದಪ್ಪ ತೋಳು ಬರಲಿ ಅಂತ ದಿನಾ ಒದ್ದಾಡುತ್ತಿದ್ದೇನೆ, ಗಂಡಸಾಗಿ. ಅಕ್ಕನಿಗೆ ಅಕಸ್ಮಾತ್ತಾಗಿ ಬಂದುಬಿಡುತ್ತದಾ? ಸ್ನಾಯು ಬೆಳೆಸುವ ಹಾರ್ಮೋನ್ ಟೆಸ್ಟೊಸ್ಟೆರಾನ್ ಗಂಡಸರಲ್ಲಿ ಹೆಂಗಸರಿಗಿಂತ ಹತ್ತು ಹದಿನೈದು ಪಟ್ಟು ಜಾಸ್ತಿ. ಕರೆದುಕೊಂಡು ಬನ್ನಿ.

ಗಂಡಸರಿಗೂ ಒಂದು ವಿಷಯ. ಕೊಬ್ಬಿನ ಕೋಶದಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಇದೆ, ಅದು ಟೆಸ್ಟೊಸ್ಟೆರಾನನ್ನು ಈಸ್ಟ್ರೋಜನ್ ಮಾಡುತ್ತದೆ. ಕೊಬ್ಬು ತುಂಬಾ ಏರಿದ ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಇಳಿಯುವುದು ಸಾಮಾನ್ಯ. ತೂಕ ಇಳಿಸಿದರೆ ಎಷ್ಟೋ ಜನರಿಗೆ ಅದು ತಾನಾಗಿ ಮೇಲೆ ಬರುತ್ತದೆ. ಟೆಸ್ಟೊಸ್ಟೆರಾನ್ ಏರಿಸುತ್ತೇವೆ ಅನ್ನುವ ಡಬ್ಬಿ ಪುಡಿ ತಗೊಳ್ಳೋಕೆ ಮುಂಚೆ ಇದನ್ನು ನೆನಪಿಡಿ.

ಇನ್ನು ಮನೆಯ ಮಷೀನು ತೋರಿಸುವ ಫ್ಯಾಟ್ ಪರ್ಸೆಂಟ್ ಬಗ್ಗೆ ಯಾರೂ ಇನ್ನೂ ಕೇಳಿಲ್ಲ, ಕೇಳುವ ಮುಂಚೆ ಹೇಳುತ್ತೇನೆ. ಅದು ಪಾದದಿಂದ ಸಣ್ಣ ಕರೆಂಟ್ ಬಿಟ್ಟು ಊಹೆ ಮಾಡುತ್ತದೆ. ನೀರು ಕುಡಿದು ಹತ್ತಿದರೆ ಒಂದು, ಬೆವತು ಹತ್ತಿದರೆ ಇನ್ನೊಂದು. ಮುಟ್ಟಿನ ಮುಂಚೆ ನೀರು ಹಿಡಿದ ದೇಹಕ್ಕಂತೂ ಕೇಳಲೇಬೇಡಿ.

ನೀರುಗುಳ್ಳೆ
ಪಿಸಿಒಎಸ್, ಅಂದರೆ ಮುಟ್ಟು ಏರುಪೇರಾಗುವ ಹಾರ್ಮೋನಿನ ತೊಂದರೆ, ಇರುವವರ ಕಥೆ ಯಾರೂ ಹೇಳಲಿಲ್ಲ. ನನಗೆ 19ರಿಂದ ಇದೆ. ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇರುವಂಥದ್ದು, ಅಪರೂಪವೇನಲ್ಲ. ದೇಹ ಇನ್ಸುಲಿನ್‌ನ ಮಾತು ಕೇಳುವುದಿಲ್ಲ, ಕೊಬ್ಬು ಹೊಟ್ಟೆಗೇ ಸೇರುತ್ತದೆ, ಗಂಡಸರ ಥರ. ನನ್ನ ಡಾಕ್ಟರು ಹೇಳಿದ್ದು ತೂಕದ 5 ಶೇಕಡಾ ಇಳಿಸಿದರೂ ಮುಟ್ಟು ಸರಿಹೋಗಬಹುದು ಅಂತ. 74 ಕೆಜಿಗೆ 5 ಶೇಕಡಾ ಅಂದರೆ 3.7. ಆರು ತಿಂಗಳು ಹಿಡಿಯಿತು. ನಾಲ್ಕನೇ ತಿಂಗಳಿಂದ ಮುಟ್ಟು ತಾನಾಗಿ ಬರತೊಡಗಿತು. ಮನೆಯಲ್ಲಿ ಎಲ್ಲರೂ 'ಅಷ್ಟೇನಾ ಇಳಿದದ್ದು' ಅಂದರು. ನಾನು ಬಾತ್‌ರೂಮಿನಲ್ಲಿ ಕೂತು ಖುಷಿಗೆ ಅತ್ತಿದ್ದು ಯಾರಿಗೂ ಗೊತ್ತಿಲ್ಲ.

ರಾತ್ರಿಪಾಳಿ
ಇದನ್ನು ಓದಿ ನನ್ನದೂ ಹೇಳಬೇಕು ಅನ್ನಿಸಿತು. ನಾನು ನರ್ಸ್. ಎಲ್ಲ ಗೊತ್ತಿದ್ದೂ ಆರು ವರ್ಷದ ಹಿಂದೆ ಮದುವೆಗೆ ಮುಂಚೆ ದಿನಕ್ಕೆ 900 ಕ್ಯಾಲೊರಿಗೆ ಇಳಿದೆ, ಪಾಳಿ ಮುಗಿಸಿ ಬಂದು ಓಡುತ್ತಿದ್ದೆ. ಮೊದಲು ಕೈಕಾಲು ತಣ್ಣಗಾಗುತ್ತಿತ್ತು. ಆಮೇಲೆ ನಾಲ್ಕು ತಿಂಗಳು ಮುಟ್ಟಾಗಲಿಲ್ಲ. ಬಾಚಣಿಗೆ ತುಂಬ ಕೂದಲು. ದೇಹಕ್ಕೆ ಸಿಗುವ ಶಕ್ತಿ ತೀರಾ ಕಡಿಮೆ ಆದಾಗ ಅದು ಮೊದಲು ಮುಚ್ಚುವ ಅಂಗಡಿಗಳಲ್ಲಿ ಮುಟ್ಟೂ ಒಂದು, ಮೂಳೆಗೂ ಪೆಟ್ಟು. ಗಂಡಸರಿಗೂ ಈ ಶಕ್ತಿ ಕೊರತೆಯ ಪೆಟ್ಟು ಬೀಳುತ್ತದೆ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇಬ್ಬರಿಗೂ ಅನ್ವಯಿಸುವ ಹೆಸರನ್ನೇ (ರೆಡ್-ಎಸ್) ಕೊಟ್ಟಿತು. ಆದರೆ ಹೆಂಗಸರಿಗೆ ತಿಂಗಳ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ವೈದ್ಯರು ನೋಡಿಕೊಳ್ಳದೆ ಹೆಂಗಸರು 1200ಕ್ಕಿಂತ, ಗಂಡಸರು 1500ಕ್ಕಿಂತ ಕೆಳಗೆ ಹೋಗಬೇಡಿ ಅನ್ನುವುದು ಅದಕ್ಕೇ. ಕೆಂಪುಪೆನ್ನು, ಗಂಡನ ವೇಗ ಹಿಡಿಯೋಕೆ ನೀವು ಅವರ ಹಾಗೆ 888ರ ಕೊರತೆ ಮಾಡಿದರೆ ನಿಮಗೆ ಉಳಿಯುವುದು 970. ದಯವಿಟ್ಟು ಬೇಡ.

ಹೊಸಬ
ಈಗಿನ ತೂಕ ಇಳಿಸುವ ಇಂಜೆಕ್ಷನ್‌ಗಳಲ್ಲೂ ಗಂಡಸರಿಗೇ ಬೇಗ ಇಳಿಯುತ್ತದಾ?

ರಾತ್ರಿಪಾಳಿ
ಇಲ್ಲ, ಅಲ್ಲಿ ಉಲ್ಟಾ. ಆ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲೂಟೈಡ್‌ನ ಪ್ರಯೋಗಗಳಲ್ಲಿ ಹೆಂಗಸರೇ ಸರಾಸರಿ ಜಾಸ್ತಿ ಇಳಿಸಿದ್ದಾರೆ. ತಗೊಳ್ಳುವ ವಿಚಾರ ಡಾಕ್ಟರ ಹತ್ತಿರ ಮಾತಾಡಿ, ಇಲ್ಲಿ ಬೇಡ.

ಕೆಂಪುಪೆನ್ನು
ಬಂದೆ. ಮುಟ್ಟಾಗಿ ಆರನೇ ದಿನ, ಇವತ್ತು ಬೆಳಗ್ಗೆ 64.8. ಅಂದರೆ 3.2 ಕೆಜಿ ಇಳಿದಿದೆ. ಕೊನೆಯ ದಿನದ ಕೆಂಪು ಅಂಕಿ ಸುತ್ತ ಒಂದು ವೃತ್ತ ಹಾಕಿ 'ನೀರು' ಅಂತ ಬರೆದಿದ್ದೇನೆ. ತಟ್ಟೆಯನ್ನೂ ಬದಲಾಯಿಸಿದೆ, ನನಗೆ 1400, ಅವರಿಗೆ 1900. ಅವರಿಗೆ ಎಷ್ಟು ಖುಷಿ ಅಂದರೆ ಹೊರಗೆ ತಿನ್ನೋದು ನಿಲ್ಲಿಸಿದ್ದಾರೆ. ವಾರಕ್ಕೆರಡು ದಿನ ಡಂಬೆಲ್ ಎತ್ತುತ್ತಿದ್ದೇನೆ, ಮೂರು ಕೆಜಿಯದ್ದು, ನಗಬೇಡಿ.

ಟೇಪ್ ಹಿಡಿದೂ ಅಳೆದೆ. ನಡು 83, ಸೊಂಟದ ಅಗಲವಾದ ಜಾಗ 103. ಅವರದು 95 ಮತ್ತು 102.

ಲೆಕ್ಕದಮೇಷ್ಟ್ರು
ನಡುವನ್ನು ಸೊಂಟದಿಂದ ಭಾಗಿಸಿ. ನಿಮ್ಮದು 0.81. ಅವರದು 0.93. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಅಪಾಯದ ಗೆರೆ ಹೆಂಗಸರಿಗೆ 0.85, ಗಂಡಸರಿಗೆ 0.90. ನೀವು ಗೆರೆಯ ಈಚೆ ಇದ್ದೀರಿ. 7.4 ಕೆಜಿ ಇಳಿಸಿದವರು ಇನ್ನೂ ಆಚೆ.

ಕೆಂಪುಪೆನ್ನು
ಇದನ್ನು ಅವರಿಗೆ ಓದಿ ಹೇಳಿದೆ. ಟೇಪ್ ಸರಿ ಇಲ್ಲವಂತೆ.

ರಾತ್ರಿಪಾಳಿ
ಅಳೆಯುವ ಜಾಗ ಸರಿ ಇರಬೇಕು. ಹೊಕ್ಕುಳ ನೋಡಿ ಅಲ್ಲ, ಪ್ಯಾಂಟ್ ನಿಲ್ಲುವ ಕಡೆಯೂ ಅಲ್ಲ. ಪಕ್ಕದಲ್ಲಿ ಬೆರಳಿಗೆ ಸಿಗುವ ಕೊನೆಯ ಪಕ್ಕೆಲುಬು, ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ. ಟೇಪ್ ಸುತ್ತಲೂ ಒಂದೇ ಮಟ್ಟದಲ್ಲಿರಲಿ. ಮಾಮೂಲಿಯಾಗಿ ಉಸಿರು ಬಿಟ್ಟ ಮೇಲೆ ಓದಿ, ಹೊಟ್ಟೆ ಒಳಗೆ ಎಳೆದುಕೊಂಡು ಅಲ್ಲ.

ಕೆಂಪುಪೆನ್ನು
ಎಳೆದುಕೊಂಡೇ ನಿಂತಿದ್ದರು. ಈಗ ಬಿಡಿಸಿ ಅಳೆದೆ, 98. ನೀಲಿ ಪೆನ್ನಿನಲ್ಲಿ ನಾನೇ ಬರೆದೆ.